ಮೋಟಾರ್ ಕಟ್ಟೋಣ, ಆದ್ರೆ ಒಂದ್ಸಲ ಕೈಯಲ್ಲೂ ಅಳೆಯೋಣ

ಮೈಕ್ರೋವೇವ್ ಲ್ಯಾಬ್‌ನ ಸ್ಲಾಟೆಡ್ ಲೈನ್ ಬೆಂಚನ್ನು ಗುಜರಿಗೆ ಹಾಕಬೇಕು ಅನ್ನೋ ಮಾತು ನಮ್ಮ ಡಿಪಾರ್ಟ್‌ಮೆಂಟಲ್ಲಿ ಓಡಾಡ್ತಿದೆ. ವೆಕ್ಟರ್ ನೆಟ್‌ವರ್ಕ್ ಅನಲೈಜರ್, ಅಂದ್ರೆ ವಿಎನ್‌ಎ ಬಂದ್ರೆ ಬಟನ್ ಒತ್ತಿದ್ರೆ ಸಾಕು, ಇಂಪೀಡೆನ್ಸ್ ಸ್ಮಿತ್ ಚಾರ್ಟ್ ಮೇಲೆ ಬಂದು ಕೂರುತ್ತೆ. ಇನ್ನು ಆ ಹಳೇ ಬೆಂಚ್ ಯಾಕೆ? ಹೋದ ಸೆಮಿಸ್ಟರ್‌ವರೆಗೆ ನಾವೂ ಹೀಗೇ ಹೇಳ್ತಿದ್ವಿ.

ಆ ಬೆಂಚಿನ ಕೆಲಸ ನಿಜಕ್ಕೂ ಬೇಜಾರಿನದ್ದು. ವೇವ್‌ಗೈಡಿನ ಸೀಳಿನಲ್ಲಿ ಪ್ರೋಬನ್ನು ನಿಧಾನವಾಗಿ ಸರಿಸುತ್ತಾ ಮೀಟರ್ ಮುಳ್ಳು ಎಲ್ಲಿ ತೀರಾ ಕೆಳಗಿಳಿಯುತ್ತೆ ಅಂತ ನೋಡಬೇಕು. ಮೊದಲು ತುದಿಗೆ ಶಾರ್ಟ್, ಆಮೇಲೆ ಲೋಡ್. ಮಿನಿಮಮ್ ಎಷ್ಟು ಜರುಗಿತು ಅನ್ನೋದರಿಂದ ಫೇಸ್, ಮ್ಯಾಕ್ಸಿಮಮ್-ಮಿನಿಮಮ್ ಅನುಪಾತದಿಂದ ರಿಫ್ಲೆಕ್ಷನ್ ಎಷ್ಟು ಅಂತ ಸಿಗುತ್ತೆ. ಎರಡೂ ಸೇರಿದರೆ ಇಂಪೀಡೆನ್ಸ್. ಇದು ಒಂದು ಫ್ರೀಕ್ವೆನ್ಸಿಗೆ ಮಾತ್ರ. ಮುಂದಿನದಕ್ಕೆ ಮತ್ತೆ ಮೊದಲಿಂದ. ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಇಳಿಸೋದೂ ಒಂಥರಾ ಆಟೊಮೇಷನ್ನೇ ಬಿಡಿ!

ಮಿನಿ ಪ್ರಾಜೆಕ್ಟಿಗೆ ಅಂತ ಸೆಕೆಂಡ್ ಇಯರ್‌ನ ನಾವು ನಾಲ್ಕು ಜನ ಆ ಪ್ರೋಬಿಗೆ ಸ್ಟೆಪ್ಪರ್ ಮೋಟಾರ್, ಆರ್ಡುಯಿನೊ ಕಟ್ಟಿದ್ವಿ. ಚಂದದ ಗ್ರಾಫ್ ಬಂತು. ಆದ್ರೆ ಪ್ರೋಬ್ ಹೋಗುವಾಗ ಒಂದು ಉತ್ತರ, ವಾಪಸ್ ಬರುವಾಗ ಇನ್ನೊಂದು. ಒಂದು ವಾರ ಕೋಡನ್ನೇ ಬೈದ್ವಿ. ಕೊನೆಗೆ ಲ್ಯಾಬ್ ಅಟೆಂಡರ್ ಅಣ್ಣ ಕೈಯಲ್ಲೇ ನಾಬ್ ತಿರುಗಿಸಿ ತೋರಿಸಿದ್ರು: ದಿಕ್ಕು ಬದಲಿಸಿದಾಗ ಗೇರು ಸ್ವಲ್ಪ ಸುಮ್ಮನೆ ತಿರುಗುತ್ತೆ, ಪ್ರೋಬ್ ಅಲ್ಲಾಡಲ್ಲ. ಆ ಸಡಿಲ ಸುಮಾರು 1 ಮಿಮೀ ಇತ್ತು. ಅಷ್ಟೇನಾ ಅನ್ಬೇಡಿ. 10 ಗಿಗಾಹರ್ಟ್ಸ್‌ನಲ್ಲಿ ನಮ್ಮ ಎಕ್ಸ್ ಬ್ಯಾಂಡ್ ವೇವ್‌ಗೈಡಿನೊಳಗೆ ತರಂಗಾಂತರ ಸುಮಾರು 40 ಮಿಮೀ. ಅಲೆ ಲೋಡಿಗೆ ಹೋಗಿ ವಾಪಸ್ ಬರೋದರಿಂದ ತಪ್ಪು ಎರಡು ಪಟ್ಟು. 1 ಮಿಮೀಗೆ ಫೇಸಲ್ಲಿ ಸುಮಾರು 18 ಡಿಗ್ರಿ!

ವಿಎನ್‌ಎ ಕಥೆಯೂ ಬೇರೆಯಲ್ಲ. 1984ರಲ್ಲಿ ಬಂದ ಎಚ್‌ಪಿ 8510 ಹೆಸರು ಮಾಡಿದ್ದು ಬರೀ ವೇಗಕ್ಕಲ್ಲ. ಅಳತೆಯಲ್ಲಿ ಸೇರಿಕೊಳ್ಳೋ ತಪ್ಪನ್ನು ಅದು ತಾನೇ ಲೆಕ್ಕ ಹಾಕಿ ಕಳೆಯುತ್ತಿತ್ತು. ಆದರೆ ಅದಕ್ಕೆ ಮೊದಲು ಶಾರ್ಟ್, ಲೋಡ್‌ನಂಥ ಗೊತ್ತಿರೋ ತುಣುಕುಗಳನ್ನ ಜೋಡಿಸಿ ಕ್ಯಾಲಿಬ್ರೇಟ್ ಮಾಡಬೇಕು. ಆಗ ಕನೆಕ್ಟರ್ ಸಡಿಲ ಇದ್ರೆ ಯಂತ್ರ ಬೇಜಾರಿಲ್ಲದೆ ಆ ತಪ್ಪನ್ನು ನೂರಾರು ಫ್ರೀಕ್ವೆನ್ಸಿಗಳಲ್ಲೂ ನೀಟಾಗಿ ಬರೆದುಕೊಡುತ್ತೆ. ಅನುಮಾನ ಪಡೋ ಕೆಲಸ ನಮ್ಮದೇ.

ಹಾಗಾಗಿ ವಿಎನ್‌ಎ ಬರಲಿ, ಬೇಕೇ ಬೇಕು. ಬೆಂಚನ್ನು ಮಾತ್ರ ಗುಜರಿಗೆ ಹಾಕಬೇಡಿ. ಪ್ರತಿ ಬ್ಯಾಚ್ ಮೊದಲ ವಾರ ಒಂದು ಲೋಡನ್ನು ಕೈಯಲ್ಲಿ ಅಳೆಯಲಿ, ಅದನ್ನೇ ವಿಎನ್‌ಎಯಲ್ಲೂ ಅಳೆಯಲಿ. ಎರಡು ಉತ್ತರ ಯಾಕೆ ಬೇರೆ ಬಂತು ಅಂತ ರೆಕಾರ್ಡಲ್ಲಿ ಬರೀಲಿ. ಅದನ್ನಂತೂ ಸೀನಿಯರ್ ರೆಕಾರ್ಡಿಂದ ಇಳಿಸೋಕಾಗಲ್ಲ.