ಕರುವಿನ ಕೊಟ್ಟಿಗೆಯಲ್ಲಿ ನಾಯಕತ್ವದ ಪಾಠ



ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ನಿಮ್ಮಲ್ಲಿ ಅನೇಕರು ಗಿಣ್ಣು ತಿಂದಿರುತ್ತೀರಿ. ಹಸು ಕರು ಹಾಕಿದ ಮೊದಲ ದಿನಗಳ ಗಟ್ಟಿ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಮಾಡುವ ತಿಂಡಿ ಅದು. ಆದರೆ ಆ ಹಾಲಿನ ಮೊದಲ ಹಕ್ಕು ಕರುವಿನದು. ಹುಟ್ಟಿದ ಕರುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆಂದರೂ ಸರಿ. ಅದು ಗಿಣ್ಣುಹಾಲಿನಿಂದಲೇ ಬರಬೇಕು. ಅದನ್ನು ಹೀರಿ ರಕ್ತಕ್ಕೆ ಸೇರಿಸುವ ಕರುಳಿನ ಶಕ್ತಿ ಗಂಟೆ ಗಂಟೆಗೂ ಕುಗ್ಗುತ್ತಾ ಒಂದು ದಿನದಲ್ಲಿ ಮುಗಿದುಹೋಗುತ್ತದೆ. 30 ಕಿಲೋ ತೂಕದ ಕರುವಿಗೆ ಮೊದಲ ದಿನ ಸುಮಾರು 3 ಲೀಟರ್ ಬೇಕು. ಅದರಲ್ಲಿ ಅರ್ಧದಷ್ಟು ಮೊದಲ ಎರಡು ಗಂಟೆಯೊಳಗೇ ಕುಡಿಸಬೇಕು. ಕರು ಕುಡಿದು ಮಿಕ್ಕಿದ್ದು ನಮ್ಮ ಗಿಣ್ಣಿಗೆ.

ಆ ಕರು ರಾತ್ರಿ ಎರಡು ಗಂಟೆಗೆ ಹುಟ್ಟಿದರೆ ಏಳುವವರು ಯಾರು? ನಾಲ್ಕಾರು ಜನ ದುಡಿಯುವ ಹೈನು ತೋಟದಲ್ಲಿ "ಯಾರಾದರೂ ನೋಡಿಕೊಳ್ಳಿ" ಎಂದರೆ ಯಾರೂ ನೋಡುವುದಿಲ್ಲ. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬಲ್ಲ ಯಜಮಾನ ಕರುಗಳ ಹೊಣೆಯನ್ನು ಒಬ್ಬರ ಹೆಸರಿಗೆ ವಹಿಸುತ್ತಾನೆ. ನಮ್ಮ ಹಳ್ಳಿಗಳಲ್ಲಿ ಈ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತದೆ.

ಹಾಲು ಕರೆಯುವವನ ದುಡಿಮೆ ಅದೇ ದಿನ ಲೀಟರ್ ಲೆಕ್ಕದಲ್ಲಿ ಕಾಣುತ್ತದೆ. ಕರು ಸಾಕುವವಳ ದುಡಿಮೆ ಎರಡು ವರ್ಷವಾದರೂ ಕಾಣುವುದಿಲ್ಲ. ಕರು ಬೆಳೆದು ಕಡಸಾಗಬೇಕು. ಇನ್ನೂ ಕರು ಹಾಕದ ಎಳೆಯ ಹಸುವೇ ಕಡಸು. ಕೆಲವು ಕಡೆ ಮಣಕ ಎನ್ನುತ್ತಾರೆ. ನಾನು ಬಿ.ಎ. ತರಗತಿಯಲ್ಲಿ ಕಲಿತ 'ಹೈಫರ್' ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಹೆಸರು!

ಮಿಶ್ರತಳಿಯ ಕಡಸು ಸುಮಾರು 250 ಕಿಲೋ ತೂಗಿದ ಮೇಲೆ ಗರ್ಭಧಾರಣೆ ಮಾಡಿಸುತ್ತಾರೆ. ಹುಟ್ಟಿದಾಗಿನ 30 ಕಿಲೋ ಕಳೆದರೆ 220 ಕಿಲೋ ಬೆಳೆಯಬೇಕು. ದಿನಕ್ಕೆ ಅರ್ಧ ಕಿಲೋ ಬೆಳೆದರೆ 440 ದಿನ. ಕಾಲು ಕಿಲೋ ಬೆಳೆದರೆ 880 ದಿನ. ಆಮೇಲೆ ಒಂಬತ್ತು ತಿಂಗಳ ಬಸಿರು. ಒಂದು ವರ್ಷಕ್ಕೂ ಮಿಕ್ಕ ಈ ವ್ಯತ್ಯಾಸದುದ್ದಕ್ಕೂ ಮೇವಿನ ಖರ್ಚು ಇದ್ದೇ ಇದೆ, ಹಾಲು ಮಾತ್ರ ಇಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಕರುವಿನ ಎದೆಯ ಸುತ್ತಳತೆಯನ್ನು ಟೇಪಿನಿಂದ ಅಳೆದು, ತೂಕವನ್ನು ಅಂದಾಜು ಮಾಡಿ ಎಲ್ಲರಿಗೂ ಕಾಣುವಂತೆ ಬರೆದಿಡಬೇಕು. ಆಗ ಅವಳ ದುಡಿಮೆಗೂ ಒಂದು ಲೆಕ್ಕ ಸಿಗುತ್ತದೆ.

ಕೆಲಸ ಹೇಳುವಾಗ ಕಾರಣವನ್ನೂ ಹೇಳಬೇಕು. ಆರೋಗ್ಯವಾಗಿರುವ ಎಳೆಗರುಗಳನ್ನು ಮೊದಲು ನೋಡಿ, ಕಾಯಿಲೆಯವನ್ನು ಕೊನೆಗೆ ನೋಡಬೇಕು. ಇಲ್ಲದಿದ್ದರೆ ನಮ್ಮ ಕೈ, ಬಕೆಟ್ಟುಗಳೇ ರೋಗ ಹೊತ್ತೊಯ್ಯುತ್ತವೆ. ಹೆಣ್ಣು ಕರುವಿಗೆ 4ರಿಂದ 8 ತಿಂಗಳ ಒಳಗೆ ಬ್ರುಸೆಲ್ಲಾ ಲಸಿಕೆ ಹಾಕಿಸಬೇಕು; 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದೂ ಸೇರಿದೆ. ಈ ರೋಗ ಮನುಷ್ಯರಿಗೂ ತಗಲುವುದರಿಂದ, ಲಸಿಕೆ ಕರುವಿಗಾದರೂ ರಕ್ಷಣೆ ಕೊಟ್ಟಿಗೆಯಲ್ಲಿ ದುಡಿಯುವವರಿಗೂ ಹೌದು. ಇದು ತಿಳಿದರೆ ಅವರೇ ತಾರೀಖು ನೆನಪಿಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಮೊದಲ ವಾರಗಳಲ್ಲಿ ಕರುವಿನ ದೊಡ್ಡ ಶತ್ರು ಭೇದಿ. ಮೈಯ ನೀರು, ಲವಣ ಇಳಿದುಹೋಗಿಯೇ ಎಷ್ಟೋ ಕರುಗಳು ಸಾಯುತ್ತವೆ. ಬೇಗ ತಿಳಿದರೆ ಲವಣ ಬೆರೆಸಿದ ನೀರು ಕುಡಿಸಿ, ವೈದ್ಯರನ್ನು ಕರೆಸಿ ಉಳಿಸಿಕೊಳ್ಳಬಹುದು. ಹಾಲು ಅರ್ಧಕ್ಕೇ ಬಿಟ್ಟಿತು, ಕಿವಿ ಜೋತುಬಿದ್ದಿದೆ ಎಂಬುದನ್ನು ಮೊದಲು ಕಾಣುವವಳು ಬಕೆಟ್ ಹಿಡಿದವಳು, ಯಜಮಾನನಲ್ಲ. ಅವಳು ಬಂದು ಹೇಳಿದಾಗ "ನೀನೇ ಏನೋ ಎಡವಟ್ಟು ಮಾಡಿದ್ದೀಯ" ಎಂದು ಗದರಿದರೆ, ಮುಂದಿನ ಸಲ ತಾನಾಗಿಯೇ ಸರಿಹೋದೀತೆಂದು ಸಂಜೆಯವರೆಗೆ ಸುಮ್ಮನಿರುತ್ತಾಳೆ. ಸಂಜೆಯವರೆಗೆ ಕರು ಕಾಯುವುದಿಲ್ಲ. ಅಂಥ ಕರುವನ್ನು ಕೊಂದದ್ದು ಭೇದಿ ಮಾತ್ರವಲ್ಲ, ಯಜಮಾನನ ಭಯವೂ ಹೌದು.

ಮುಂಬಯಿ, ಪುಣೆಯ ಕಚೇರಿಗಳಲ್ಲಿ ನೀವು ಇಂದೋ ನಾಳೆಯೋ ಟೀಮ್ ಲೀಡರ್ ಆಗುವವರು. ಅಜ್ಜನ ಜಮೀನಿಗೆ ಮರಳಿ ಹಸು ಕಟ್ಟುವ ಕನಸೂ ನಿಮ್ಮಲ್ಲಿ ಕೆಲವರಿಗೆ ಇರಬಹುದು. ಎಲ್ಲಿದ್ದರೂ ಕೆಟ್ಟ ಸುದ್ದಿಯನ್ನು ಬೇಗ ತಂದವರಿಗೆ ಮೊದಲು "ಹೇಳಿದ್ದು ಒಳ್ಳೆಯದಾಯಿತು" ಎನ್ನಿ. ವಿಚಾರಣೆ ಆಮೇಲೂ ಮಾಡಬಹುದು.