ಸ್ಪ್ಯಾಮ್ ಕಳಿಸಿದವನು ಒಬ್ಬ, ಇಮೇಲ್ ನಿಂತಿದ್ದು ಪಕ್ಕದವನದು: ಹೊಣೆ ಯಾರದು?

ಬೀದರ್ ಕಡೆಯಿಂದ ಹೈದರಾಬಾದ್‌ಗೆ ಹೋಗುವವರಿಗೆ ಪಟಾನ್‌ಚೆರು ಪರಿಚಿತ ಊರು. ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಇರುವುದು ಇಲ್ಲೇ. ಔಷಧ, ರಾಸಾಯನಿಕ ಕಾರ್ಖಾನೆಗಳೂ ಇಲ್ಲಿ ಸಾಕಷ್ಟಿವೆ. ಇಂಥ ಕಡೆ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡ ಸಣ್ಣ ಘಟಕವೊಂದು ಕಳಿಸಿದ ಕೊಟೇಶನ್, 'ನಿಮ್ಮ ಐಪಿ ವಿಳಾಸ ಕಪ್ಪುಪಟ್ಟಿಯಲ್ಲಿದೆ' ಎಂಬ ಉತ್ತರದೊಂದಿಗೆ ವಾಪಸ್ ಬಂದರೆ? ಸ್ಪ್ಯಾಮ್ ಕಳಿಸಿದ್ದು ಆ ಘಟಕವೇ ಆಗಿರಬೇಕೆಂದಿಲ್ಲ. ಅದೇ ಇಂಟರ್ನೆಟ್ ಕಂಪನಿಯ ಇನ್ನೊಬ್ಬ ಗ್ರಾಹಕ ಕಳಿಸಿದ್ದರೂ ಸಾಕು.

ಕಪ್ಪುಪಟ್ಟಿ ಕೆಲಸ ಮಾಡುವುದು ಹೇಗೆ?

ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಸ್ಪ್ಯಾಮ್ ಬರುವ ಐಪಿ ವಿಳಾಸಗಳ ಪಟ್ಟಿ ಇಡುತ್ತವೆ. ಜಗತ್ತಿನ ಅನೇಕ ಮೇಲ್ ಸರ್ವರ್‌ಗಳು ಅದನ್ನು ನೋಡಿಯೇ ಇಮೇಲ್ ಒಳಬಿಡುತ್ತವೆ. ದೂರು ಬಂದರೂ ಇಂಟರ್ನೆಟ್ ಕಂಪನಿ ಸುಮ್ಮನಿದ್ದರೆ ಒಂದು ವಿಳಾಸದ ಬದಲು ಇಡೀ ವಿಳಾಸಗಳ ಗುಂಪೇ ಪಟ್ಟಿ ಸೇರಬಹುದು. ಆಗ ತಪ್ಪಿಲ್ಲದವರೂ ಸಿಕ್ಕಿಬೀಳುತ್ತಾರೆ.

ಕಂಪನಿಗಳ ಕೈಯಲ್ಲಿ ಉಪಾಯಗಳಿವೆ. ಮನೆ ಸಂಪರ್ಕಗಳಲ್ಲಿ 'ಪೋರ್ಟ್ 25' ಮುಚ್ಚಿದರೆ, ವೈರಸ್ ತಗುಲಿದ ಕಂಪ್ಯೂಟರ್ ಮಾಲೀಕನಿಗೆ ಗೊತ್ತಿಲ್ಲದೆ ನೇರವಾಗಿ ಸ್ಪ್ಯಾಮ್ ಉಗುಳುವುದು ತಪ್ಪುತ್ತದೆ. ದೂರು ಸ್ವೀಕರಿಸಲು 'ಅಬ್ಯೂಸ್' ಹೆಸರಿನ ವಿಳಾಸ ಇಡುವುದು ಹಳೆಯ ರೂಢಿ. ಆ ದೂರುಗಳನ್ನು ಓದಿ, ತಪ್ಪಿತಸ್ಥ ಗ್ರಾಹಕನ ಸಂಪರ್ಕ ಕಡಿಯುವವರು ಇದ್ದಾರೆಯೇ ಎಂಬುದೇ ಪ್ರಶ್ನೆ. ಸ್ಪ್ಯಾಮರ್ ಕೂಡ ಹಣ ಕಟ್ಟುವ ಗ್ರಾಹಕನೇ ಅಲ್ಲವೇ?

ಸಂಪರ್ಕ ಕಡಿದರೆ ಏನಾಗುತ್ತದೆ ಎಂಬುದಕ್ಕೆ 2008ರ ನವೆಂಬರ್ ಸಾಕ್ಷಿ. ಅಮೆರಿಕದ ಮೆಕೊಲೊ ಎಂಬ ಹೋಸ್ಟಿಂಗ್ ಕಂಪನಿಗೆ ಇಂಟರ್ನೆಟ್ ಕೊಡುತ್ತಿದ್ದವರು ಅದನ್ನು ನಿಲ್ಲಿಸಿದಾಗ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ತಿಂಗಳುಗಳಲ್ಲಿ ಮತ್ತೆ ಏರಿತು ಎಂಬುದೂ ನಿಜ.

ಕಾನೂನು ಏನನ್ನುತ್ತದೆ?

ಭಾರತದಲ್ಲಿ ಇಮೇಲ್ ಸ್ಪ್ಯಾಮ್‌ಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಟ್ರಾಯ್‌ನ 2018ರ ನಿಯಮಗಳು ಜಾಹೀರಾತು ಕರೆ ಮತ್ತು ಎಸ್‌ಎಂಎಸ್‌ಗೆ ಸೀಮಿತ. ಕಿರಿಕಿರಿಯ ಇಮೇಲ್‌ಗಳನ್ನೂ ಅಪರಾಧ ಎಂದಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ವಾಕ್ ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಸರಿಯಾದ ತೀರ್ಪೇ. ಆದರೆ ಖಾಲಿಯಾದ ಜಾಗಕ್ಕೆ ಸ್ಪ್ಯಾಮ್ ಕುರಿತ ಸ್ಪಷ್ಟ ನಿಯಮ ಬರಲಿಲ್ಲ. ಹೆಸರು ಬದಲಿಸಿ ವಂಚಿಸಿದರೆ 66ಡಿ ಇದೆ; ಬರೀ ಸ್ಪ್ಯಾಮ್‌ಗೆ ಅದು ಸಾಲದು.

ಹೀಗಾಗಿ ನಿಯಮ ರೂಪಿಸುತ್ತಿರುವವರು ಖಾಸಗಿ ಕಂಪನಿಗಳು. ದಿನಕ್ಕೆ 5,000ಕ್ಕಿಂತ ಹೆಚ್ಚು ಇಮೇಲ್ ಕಳಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಗುರುತು ದೃಢೀಕರಣ ಕಡ್ಡಾಯ ಮಾಡಿದೆ. ಇದರಿಂದ ಸ್ವೀಕರಿಸುವವರಿಗೆ ರಕ್ಷಣೆ ಸಿಕ್ಕಿದೆ. ಅನ್ಯಾಯವಾಗಿ ತಡೆಗೆ ಒಳಗಾದ ಸಣ್ಣ ಉದ್ಯಮಿ ಮಾತ್ರ ಈಗಲೂ ತನ್ನ ಇಂಟರ್ನೆಟ್ ಕಂಪನಿಯ ಬಾಗಿಲನ್ನೇ ತಟ್ಟಬೇಕು.

ಕರೆ, ಎಸ್‌ಎಂಎಸ್ ದೂರುಗಳಿಗೆ ಗಡುವು ವಿಧಿಸಬಹುದಾದರೆ ಇಮೇಲ್ ದೂರುಗಳಿಗೆ ಏಕಾಗದು? ಇಂತಿಷ್ಟು ದಿನದಲ್ಲಿ ಕ್ರಮ, ದೂರುದಾರನಿಗೆ ಉತ್ತರ, ತಪ್ಪಿಲ್ಲದ ಗ್ರಾಹಕನಿಗೆ ಬೇರೆ ವಿಳಾಸ: ಇಷ್ಟನ್ನು ಲೈಸೆನ್ಸ್ ಷರತ್ತಿನಲ್ಲಿ ಸೇರಿಸಿದರೂ ಸ್ಪ್ಯಾಮರ್ ಮಾಡಿದ ತಪ್ಪಿಗೆ ಪಕ್ಕದವನು ಆರ್ಡರ್ ಕಳೆದುಕೊಳ್ಳುವುದು ಕಡಿಮೆಯಾದೀತು.