ಬದುಕಿ ಉಳಿದ ಮಗು ಓದಲೂ ಬೇಕು

ಮಕ್ಕಳ ಮಿದುಳಿನ ಕ್ಯಾನ್ಸರಿನ ಬಗ್ಗೆ ನಮ್ಮ ನಡುವೆ ನಡೆಯುವ ಮಾತೆಲ್ಲ ಸಾಮಾನ್ಯವಾಗಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಮಗು ಉಳಿಯಿತೇ? ಉಳಿಯಿತೆಂದರೆ ವೈದ್ಯರು, ತಂದೆತಾಯಿ, ಚಂದಾ ಎತ್ತಿಕೊಟ್ಟ ಬಂಧುಬಳಗದವರು ಎಲ್ಲರೂ ನೆಮ್ಮದಿಯ ಉಸಿರು ಬಿಡುತ್ತಾರೆ. ಆ ನೆಮ್ಮದಿ ಸಹಜವಾದದ್ದೇ. ಆದರೆ ಆ ಮಗು ಮುಂದೆ ಪಾಠ ಕಲಿಯಬಲ್ಲುದೇ, ಕೇಳಿದ್ದನ್ನು ನೆನಪಿಟ್ಟುಕೊಳ್ಳಬಲ್ಲುದೇ ಎಂದು ವಿಚಾರಿಸುವವರು ಕಡಿಮೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೊಂದು ಕೆನಡಾದಲ್ಲಿ ಆರಂಭವಾಗಿದೆ. ಅಂಥದು ನಮ್ಮ ದೇಶದಲ್ಲೂ ನಡೆಯಬೇಕು, ನಡೆದಾಗ ಹೊರನಾಡ ಕನ್ನಡಿಗರ ಮಕ್ಕಳು ಅದರಿಂದ ಹೊರಗುಳಿಯಬಾರದು ಎಂಬುದು ನನ್ನ ವಾದ.

ಮಕ್ಕಳ ಮಾರಕ ಮಿದುಳು ಗೆಡ್ಡೆಗಳಲ್ಲಿ ಅತಿ ಸಾಮಾನ್ಯವಾದದ್ದು ಮೆಡುಲ್ಲೊಬ್ಲಾಸ್ಟೋಮಾ. ಕಿರುಮಿದುಳಿನಲ್ಲಿ ಹುಟ್ಟುವ ಇದು ಮಿದುಳು-ಬೆನ್ನುಹುರಿಗಳ ದ್ರವದ ಮೂಲಕ ಹರಡಬಲ್ಲುದು. ಆದ್ದರಿಂದ ಶಸ್ತ್ರಕ್ರಿಯೆಯ ನಂತರ, ತೀರ ಎಳೆಯ ಶಿಶುಗಳನ್ನು ಬಿಟ್ಟರೆ, ಇಡೀ ಮಿದುಳಿಗೂ ಬೆನ್ನುಹುರಿಗೂ ವಿಕಿರಣ ಕೊಡುವುದು ವಾಡಿಕೆ. ಈ ವಿಕಿರಣವೇ ಜೀವ ಉಳಿಸುತ್ತದೆ. ಅದೇ ವಿಕಿರಣ ಮಿದುಳಿನ ಭಾಗಗಳನ್ನು ಬೆಸೆಯುವ ಬಿಳಿಯ ನರತಂತುಗಳನ್ನೂ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಭಾಗವನ್ನೂ ಘಾಸಿಗೊಳಿಸುತ್ತದೆ. ಮಗು ಕಲಿತದ್ದನ್ನು ಮರೆತುಬಿಡುತ್ತದೆಂದಲ್ಲ. ಹೊಸದನ್ನು ಕಲಿಯುವ ವೇಗ ಕುಗ್ಗುತ್ತದೆ. ವರ್ಷ ವರ್ಷಕ್ಕೆ ಓರಗೆಯವರಿಗೂ ಅದಕ್ಕೂ ನಡುವಣ ಅಂತರ ಹಿಗ್ಗುತ್ತ ಹೋಗುತ್ತದೆ. ಚಿಕಿತ್ಸೆಯ ವೇಳೆಗೆ ವಯಸ್ಸು ಎಷ್ಟು ಎಳೆಯದೋ ಹಾನಿ ಅಷ್ಟು ಹೆಚ್ಚು.

ಈ ಹಾನಿಯನ್ನು ಸ್ವಲ್ಪವಾದರೂ ತುಂಬಿಕೊಡಬಹುದೇ ಎಂದು ಪರೀಕ್ಷಿಸಲಾಗುತ್ತಿರುವ ಔಷಧ ನಮ್ಮಲ್ಲಿ ಅನೇಕರ ಮನೆಯ ಮಾತ್ರೆಯ ಡಬ್ಬಿಯಲ್ಲೇ ಇದೆ. ಅದು ಮೆಟ್‌ಫಾರ್ಮಿನ್. 1957ರಲ್ಲಿ ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ ಸಕ್ಕರೆ ಕಾಯಿಲೆಗೆ ಬಳಸಿ ತೋರಿಸಿದ ಈ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1994ರಲ್ಲಿ. ಅದು ಇಲಿಗಳ ಮಿದುಳಿನಲ್ಲಿ ಹೊಸ ನರಕೋಶಗಳ ಹುಟ್ಟನ್ನು ಹೆಚ್ಚಿಸುತ್ತದೆಂದು ಫ್ರೀಡಾ ಮಿಲ್ಲರ್ ಅವರ ತಂಡ 2012ರಲ್ಲಿ ಪ್ರಕಟಿಸಿತು. ಇದನ್ನು ಆಧರಿಸಿ ಟೊರೊಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಡೊನಾಲ್ಡ್ ಮ್ಯಾಬಟ್ ಮತ್ತು ಸಂಗಡಿಗರು, ಮಿದುಳು ಗೆಡ್ಡೆಗೆ ವಿಕಿರಣ ಪಡೆದು ಬದುಕಿ ಉಳಿದ 24 ಮಂದಿಯ ಮೇಲೆ ಪ್ರಯೋಗ ನಡೆಸಿದರು. ಕೆಲವರಿಗೆ ಮೊದಲು 12 ವಾರ ಔಷಧ, ಉಳಿದವರಿಗೆ ಮೊದಲು 12 ವಾರ ಔಷಧವಿಲ್ಲದ ಮಾತ್ರೆ. 10 ವಾರಗಳ ಬಿಡುವಿನ ನಂತರ ಅದಲುಬದಲು. ಫಲಿತಾಂಶ 2020ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದಿತು. ಔಷಧ ಸುರಕ್ಷಿತವೆಂದು ಕಂಡಿತು. ನೆನಪಿನ ಕೆಲವು ಪರೀಕ್ಷೆಗಳಲ್ಲಿ ಸುಧಾರಣೆಯ ಸೂಚನೆಯೂ ದೊರೆಯಿತು.

ಸೂಚನೆಯೇ ಹೊರತು ಸಿದ್ಧಾಂತವಲ್ಲ. ಇಂಥ ಪ್ರಯೋಗ ಸಾಧ್ಯವೇ, ಸುರಕ್ಷಿತವೇ ಎಂದು ತಿಳಿಯುವುದೇ ಅಲ್ಲಿ ಮುಖ್ಯ ಉದ್ದೇಶವಾಗಿತ್ತು. ಹೆಚ್ಚು ಮಕ್ಕಳನ್ನೊಳಗೊಂಡ ಮುಂದಿನ ಹಂತವನ್ನು ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಕೈಗೊಳ್ಳಲಾಗಿದೆ. ಆದಕಾರಣ ಇದನ್ನು ಓದಿದ ಯಾರೂ ಅಜ್ಜನ ಡಬ್ಬಿಯ ಮಾತ್ರೆಯನ್ನು ಮೊಮ್ಮಗುವಿಗೆ ಕೊಡಕೂಡದು. ಈ ಮಕ್ಕಳಲ್ಲಿ ಅನೇಕರು ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಪಡೆದಿರುತ್ತಾರೆ. ಅದು ಮೂತ್ರಪಿಂಡವನ್ನು ಕೆಡಿಸಬಲ್ಲುದು. ಮೂತ್ರಪಿಂಡ ತೀರ ದುರ್ಬಲವಾದವರಿಗೆ ಮೆಟ್‌ಫಾರ್ಮಿನ್ ಅಪಾಯಕಾರಿ.

ಹಾಗಾದರೆ ಸತ್ಯವನ್ನು ತಿಳಿಯುವ ಹೊಣೆ ಯಾರದು? ಪೇಟೆಂಟಿನ ಬೇಲಿ ಕಳಚಿದ, ಹತ್ತಾರು ಕಂಪನಿಗಳು ಅಗ್ಗವಾಗಿ ತಯಾರಿಸುವ ಮಾತ್ರೆಗೆ ಹೊಸ ಉಪಯೋಗ ಕಂಡುಹಿಡಿಯಲು ಯಾವ ಕಂಪನಿ ಹಣ ಸುರಿದೀತು? ಲಾಭವಿಲ್ಲದ ಕಡೆ ಬಂಡವಾಳ ಸುಳಿಯುವುದಿಲ್ಲ. ಇದು ಸಾರ್ವಜನಿಕ ಹಣದ ಕೆಲಸ. ಅನುಮೋದಿತ ಔಷಧವನ್ನು ಹೊಸ ಉದ್ದೇಶಕ್ಕೆ ಶೈಕ್ಷಣಿಕವಾಗಿ ಪರೀಕ್ಷಿಸುವುದಕ್ಕೆ, ನೈತಿಕ ಸಮಿತಿಯ ಒಪ್ಪಿಗೆಯ ಮೇಲೆ, ಭಾರತದ 2019ರ ನಿಯಮಗಳು ದಾರಿ ತೆರೆದಿವೆ. ಕ್ಯಾನ್ಸರ್ ಆಸ್ಪತ್ರೆಗಳನ್ನು ಒಂದುಗೂಡಿಸುವ ರಾಷ್ಟ್ರೀಯ ಜಾಲ 2012ರಿಂದ ಇದೆ. ಇಚ್ಛೆಯೊಂದಿದ್ದರೆ ಸಾಧನಗಳಿಗೆ ಕೊರತೆಯಿಲ್ಲ.

ಎಷ್ಟೋ ಮಕ್ಕಳು ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಡುವ ದೇಶದಲ್ಲಿ ನೆನಪಿನ ಚಿಂತೆ ಐಷಾರಾಮವಲ್ಲವೇ ಎಂದು ಕೇಳುವವರಿದ್ದಾರೆ. ಆಕ್ಷೇಪಣೆ ಹಗುರವಾದದ್ದಲ್ಲ. ಆದರೆ ಮನೆಮಠ ಅಡವಿಟ್ಟು ಚಿಕಿತ್ಸೆ ಮಾಡಿಸುವ ಬಡ ತಂದೆಗೆ ಮಗುವಿನ ಮುಂದಿನ ಬದುಕೇ ಏಕೈಕ ಆಸರೆ. ಕಲಿಯಲಾರದೆ ಶಾಲೆ ಬಿಟ್ಟ ಮಗುವಿನ ಭಾರವನ್ನು ಶ್ರೀಮಂತ ಹೇಗಾದರೂ ಹೊತ್ತಾನು, ಬಡವ ಹೊರಲಾರ. ಕಡಿಮೆ ಬೆಲೆಯ ಮಾತ್ರೆ ಫಲಿಸುವುದಾದರೆ ಅದರ ಮೊದಲ ಹಕ್ಕುದಾರ ಅವನೇ.

ಇನ್ನು ನಮಗೆ ನೇರವಾಗಿ ಸಂಬಂಧಿಸಿದ ಮಾತು. ನೆನಪನ್ನು ಅಳೆಯುವ ಒಂದು ಬಗೆಯೆಂದರೆ ಪದಗಳ ಪಟ್ಟಿಯೊಂದನ್ನು ಓದಿ ಹೇಳಿ, ಮಗುವಿನಿಂದ ಮರಳಿ ಹೇಳಿಸುವುದು. ಮುಂಬಯಿಯಲ್ಲಿ ಬೆಳೆಯುವ ನಮ್ಮ ಮಗು ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತದೆ. ಅದರ ನೆನಪನ್ನು ಯಾವ ನುಡಿಯಲ್ಲಿ ಅಳೆಯಬೇಕು? ಬಾರದ ಭಾಷೆಯಲ್ಲಿ ಕೇಳಿದರೆ ಭಾಷೆಯ ಕೊರತೆ ಮಿದುಳಿನ ಕೊರತೆಯೆಂದು ದಾಖಲಾದೀತು. ಅಥವಾ, ಭಾಷೆ ಹೊಂದುವುದಿಲ್ಲವೆಂದು ಮಗುವನ್ನೇ ಪ್ರಯೋಗದಿಂದ ಕೈಬಿಟ್ಟಾರು. ಉತ್ತರ ಕರ್ನಾಟಕದಿಂದ ಪರೇಲಿನ ಟಾಟಾ ಆಸ್ಪತ್ರೆಗೆ ಮಕ್ಕಳನ್ನು ಕರೆತರುವ ಕುಟುಂಬಗಳಿಗಂತೂ ಕನ್ನಡವೇ ಗತಿ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಮಕ್ಕಳಿಗಾಗಿ ನರಮನೋವೈಜ್ಞಾನಿಕ ಪರೀಕ್ಷೆಗಳ ಮಾಲೆಯೊಂದನ್ನು ಹೊರತಂದಿದೆ. ಇಂಥ ಬುನಾದಿಯ ಮೇಲೆ ಬಹುಭಾಷಿಕ ಮಕ್ಕಳಿಗೆ ಒಪ್ಪುವ ಅಳತೆಗೋಲು ಸಿದ್ಧವಾಗಬೇಕು.

ರಾಜ್ಯೋತ್ಸವದ ವೇದಿಕೆಯಲ್ಲಿ ಭಾಷಾಭಿಮಾನದ ಭಾಷಣ ಮಾಡುವ ನಮ್ಮ ಸಂಘಗಳಿಗೆ ಇಲ್ಲೊಂದು ನಿಜವಾದ ಭಾಷಾಸೇವೆ ಕಾದಿದೆ. ಆಸ್ಪತ್ರೆಗಳಿಗೆ ಕನ್ನಡ ಬಲ್ಲ ಸ್ವಯಂಸೇವಕರನ್ನು ಒದಗಿಸಬಹುದು. ಸಂಶೋಧಕರು ಪದಪಟ್ಟಿಗಳನ್ನು ಸಿದ್ಧಪಡಿಸುವಾಗ ನಮ್ಮ ನಿವೃತ್ತ ಶಿಕ್ಷಕರು ನೆರವಾಗಬಹುದು. ಚಿಕಿತ್ಸೆ ಮುಗಿಸಿ ಶಾಲೆಗೆ ಮರಳಿದ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡಿರೆಂದು ಮುಖ್ಯಾಧ್ಯಾಪಕರಲ್ಲಿ ಹೋಗಿ ಕೇಳಬಹುದು. ಈ ಕೊನೆಯ ಕೆಲಸಕ್ಕೆ ಯಾವ ಪ್ರಯೋಗದ ಫಲಿತಾಂಶಕ್ಕೂ ಕಾಯಬೇಕಾಗಿಲ್ಲ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲೇ ಇದನ್ನು ಕೈಗೆತ್ತಿಕೊಳ್ಳಬೇಕೆಂದು ನನ್ನ ವಿನಂತಿ.